ಹೈಸ್ಕೂಲಿನ ಮಗಳು "ನಾನು ದಪ್ಪ" ಅಂತ ಸದಾ ಕೊರಗುತ್ತಾಳೆ. ಇದೆಲ್ಲ ಟೀವಿ, ಮೊಬೈಲಿನ ಪ್ರಭಾವವೇ?

ಒಂದಷ್ಟು ಹೌದು. ಫಿಜಿ ದ್ವೀಪದ ಉದಾಹರಣೆ ನೋಡಿ. ಅಲ್ಲಿ ಮೈಕೈ ತುಂಬಿಕೊಂಡಿರುವುದೇ ಲಕ್ಷಣ ಎನ್ನುವ ಕಾಲವಿತ್ತು. ನದ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟೀವಿ ಬಂತು. ಹಾರ್ವರ್ಡ್‌ನ ಸಂಶೋಧಕಿ ಆ್ಯನ್ ಬೆಕರ್ ಅವರ ತಂಡ ಆಗಲೇ ಅಲ್ಲಿನ ಶಾಲಾ ಹುಡುಗಿಯರನ್ನು ಮಾತನಾಡಿಸಿತ್ತು. 1998ರಲ್ಲಿ ಮತ್ತೆ ಕೇಳಿದಾಗ, ಊಟ-ತೂಕದ ಬಗ್ಗೆ ಅತಿ ಆತಂಕ ಇದ್ದವರು ಸುಮಾರು ಶೇ. 13ರಿಂದ ಶೇ. 29ಕ್ಕೆ ಏರಿದ್ದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಆಮೇಲೆ ಶೇ. 11. ಎರಡು ಸಲವೂ ಕೇಳಿದ್ದು ಅದೇ ಹುಡುಗಿಯರನ್ನಲ್ಲ, ಹಾಗಾಗಿ ತಪ್ಪೆಲ್ಲ ಟೀವಿಯದೇ ಎನ್ನಲಾಗದು.

ಇನ್ನೊಂದು ಕಾರಣ ವಯಸ್ಸು. ಮೈನೆರೆಯುವಾಗ ಹೆಣ್ಣುಮಕ್ಕಳ ಸೊಂಟ, ತೊಡೆಯಲ್ಲಿ ಕೊಬ್ಬು ಸೇರುವುದು ಸಹಜ ಬೆಳವಣಿಗೆ. ಇದನ್ನು ಮಗಳಿಗೆ ಬಿಡಿಸಿ ಹೇಳಿ. ಗಂಡುಹುಡುಗರಿಗೂ ಈ ಕೊರಗು ಉಂಟು, ಅವರದ್ದು "ನಾನು ತೀರಾ ಕಡ್ಡಿ" ಅಂತ. ಅದಕ್ಕೇ ಜಿಮ್ಮು, ಪ್ರೋಟೀನ್ ಪುಡಿಯ ಹುಚ್ಚು.

ನಮ್ಮ ಕಡೆ ಮೊಬೈಲಿಗಿಂತ ಮೊದಲೇ ಈ ಕೆಲಸಕ್ಕೆ ನೆಂಟರಿದ್ದಾರೆ. ಮದುವೆ ಮನೆಯಲ್ಲಿ "ಏನಮ್ಮಾ ಇಷ್ಟು ಊದಿಕೊಂಡಿದೀಯ, ಕಪ್ಪಾಗಿದೀಯ" ಅನ್ನುವ ಚಿಕ್ಕಮ್ಮಂದಿರನ್ನು ಮಗಳ ಎದುರಿಗೇ ತಡೆಯಿರಿ. ನೀವೂ ಅವಳ ತಟ್ಟೆ ನೋಡಿ ಲೆಕ್ಕ ಹಾಕಬೇಡಿ.

ಊಟ ಬಿಡುವುದು, ಉಂಡ ಕೂಡಲೇ ಬಚ್ಚಲಿಗೆ ಹೋಗುವುದು, ಮುಟ್ಟು ತಪ್ಪುವುದು ಕಂಡರೆ ಕಾಯದೆ ವೈದ್ಯರಿಗೆ ತೋರಿಸಿ. ಬರೀ ಮಾತನಾಡಿ ಹಗುರಾಗಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ. ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ.