ಅವ್ವನ ಹಾಡಿಗೆ ‘ಜನಪದ’ ಅಂತ ಹಾಕಬೇಡಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ನಾಲ್ಕು ಸಲ ಓದಿದೆ. ನಾಲ್ಕು ಸಲವೂ ಒಂದೇ ಸಾಲಿನ ಹತ್ತಿರ ನಿಂತುಬಿಟ್ಟೆ.

ಬರೆದವರು 28 ವರ್ಷದ ಹೆಣ್ಣುಮಗಳು. ಊರು ಅರಸೀಕೆರೆ ಕಡೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡುತ್ತಾರೆ. ಬೆನ್ನ ಹಿಂದೆ ಕಂಪನಿ ಇಲ್ಲ, ಸಿನಿಮಾ ಇಲ್ಲ. ಸಂಬಳದಲ್ಲಿ ಉಳಿಸಿದ ದುಡ್ಡಿನಲ್ಲಿ ಐದು ಹಾಡು ರೆಕಾರ್ಡ್ ಮಾಡಿದ್ದಾರೆ. ಮುಂದಿನ ತಿಂಗಳು ಬಿಡುಗಡೆ. ಕೇಳಿರುವುದು ಎರಡು ಪ್ರಶ್ನೆ. ಕೆಲಸ ಬಿಟ್ಟು ಪೂರ್ತಿ ಹಾಡಿಗೇ ಇಳಿಯಲಾ? ಇನ್ನೊಂದು, ‘ನಮ್ಮವ್ವ ನನ್ನ ಹಾಡಿನ ಬಗ್ಗೆ ಒಂದು ಮಾತೂ ಆಡಲ್ಲ. ಕೂರಿಸಿಕೊಂಡು ಫೋನಿನಲ್ಲಿ ಕೇಳಿಸಿದೆ. ಹ್ಞೂಂ, ಚೆನ್ನಾಗೈತೆ ಅಂದು ಕೊಟ್ಟಿಗೆಗೆ ಹೋದರು. ಅವರನ್ನು ಒಪ್ಪಿಸೋದು ಹೇಗೆ?’

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಬಿಡಬೇಡಿ. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈನವರು 2024ರಿಂದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ದುಡ್ಡಿನ ಲೆಕ್ಕವನ್ನೇ ಇಡುವುದಿಲ್ಲ. ಸಾವಿರ ದಾಟಿದರೂ ಬಾಡಿಗೆ ಕಟ್ಟುವಷ್ಟು ಬರುವುದಿಲ್ಲ. ತಿಂಗಳ ಸಂಬಳ ಇದ್ದರೆ ಯಾರೋ ಹೇಳಿದ ಹಾಗೆ ಹಾಡನ್ನು ತಿದ್ದುವ ಗತಿ ಬರಲ್ಲ. ಅಷ್ಟು ಸಾಕು ಈ ವಿಷಯಕ್ಕೆ.

ಈಗ ನನ್ನನ್ನು ನಿಲ್ಲಿಸಿದ ಸಾಲು. ಪತ್ರದ ಕೊನೆಗೆ, ಹೋಗ್ತಾ ಹೋಗ್ತಾ ಹೇಳಿದ ಹಾಗೆ ಬರೆದಿದ್ದಾರೆ: ‘ಎರಡನೇ ಹಾಡಿನ ಪಲ್ಲವಿ ಮಾತ್ರ ಅವ್ವ ಹಾಲು ಕರೆಯುವಾಗ ಹೇಳಿಕೊಳ್ಳುತ್ತಿದ್ದದ್ದು. ಡೇರಿ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟಿದ್ದರು. ವಾದ್ಯ ಜೋಡಿಸಿ ಹಾಡನ್ನು ಅರೇಂಜ್ ಮಾಡಿದ ಗೆಳೆಯ, ರಚನೆ ಜನಪದ ಅಂತ ಹಾಕಿಬಿಡು, ಜಾಸ್ತಿ ಜನ ಕೇಳ್ತಾರೆ, ಹಕ್ಕಿನ ತಲೆನೋವೂ ಇರಲ್ಲ ಅಂದ. ಹಾಗೇ ಮಾಡ್ತಿದ್ದೀನಿ.’

ಪುಸ್ತಕದ ಆ ಪುಟದ ಫೋಟೋ ಕೂಡ ಕಳಿಸಿದ್ದಾರೆ. ನೋಡಿದೆ. ಆ ಎರಡು ಸಾಲನ್ನು ನಾನು ಇಲ್ಲಿ ಅಚ್ಚು ಹಾಕುವುದಿಲ್ಲ. ಅದು ನಿಮ್ಮವ್ವನದು, ಅವರನ್ನು ಯಾರೂ ಕೇಳಿಲ್ಲ. ಒಂದು ಪದದ ಬಗ್ಗೆ ಮಾತ್ರ ಹೇಳುತ್ತೇನೆ. ಮೊದಲ ಸಾಲು ‘ಕರೆದ’ ಅಂತ ಶುರುವಾಗುತ್ತದೆ. ಕರೆದ ಹಾಲು ಡೇರಿಗೆ ಹೋದ ಮಾತು. ಎರಡನೇ ಸಾಲಿನ ಮೊದಲ ಪದ ‘ಬೆಣ್ಣೆ’ ಅಂತಿತ್ತು. ಅದರ ಮೇಲೆ ಗೀಟು ಎಳೆದಿದ್ದಾರೆ. ಗೀಟಿನ ಮೇಲೆ ಚಿಕ್ಕದಾಗಿ ‘ನೊರೆ’ ಅಂತ ಬರೆದಿದ್ದಾರೆ.

ಕರೆ, ನೊರೆ. ಎರಡನೇ ಅಕ್ಷರಕ್ಕೆ ಎರಡನೇ ಅಕ್ಷರ ಸರಿಯಾಗಿ ಕೂತಿದೆ, ನೋಡಿದಿರಾ? ನಮ್ಮ ಹಳೆಯ ಕಾವ್ಯದ ಕವಿಗಳು ಸಾಲು ಸಾಲಿಗೂ ಕಾಪಾಡಿಕೊಂಡು ಬಂದ ಪ್ರಾಸ ಅದು. ನಿಮ್ಮವ್ವನಿಗೆ ಅದರ ಹೆಸರು ಗೊತ್ತೋ ಇಲ್ಲವೋ, ಕಿವಿಗೆ ಗೊತ್ತಿತ್ತು. ಸುಮ್ನೆ ಬಾಯಿಗೆ ಬಂದ ಹಾಡಾಗಿದ್ದರೆ ಗೀಟು ಯಾಕೆ ಬೇಕು? ಒಂದು ಪದ ಇಟ್ಟು, ಸಾಲದು ಅಂತ ತೆಗೆದು, ಇನ್ನೊಂದು ಇಟ್ಟವರು ಬರಹಗಾರರು. ನೀವೂ ಅದನ್ನೇ ಮಾಡುತ್ತೀರಿ, ಅಲ್ವಾ? ನಿಮ್ಮ ನೋಟ್‌ಬುಕ್ಕಿನ ಗೀಟುಗಳಿಗೆ ಗೀತರಚನೆ ಅಂತ ಹೆಸರು, ಅವರ ಗೀಟಿಗೆ ಜನಪದ ಅಂತ ಹೆಸರು. ಇದು ಹೇಗೆ ಸರಿ?

ಜನಪದದ ಮೇಲೆ ನನಗೆ ಪ್ರೀತಿ ಇಲ್ಲದೆ ಈ ಮಾತು ಹೇಳುತ್ತಿಲ್ಲ. ಬೀಸುವ ಪದ, ಸೋಬಾನೆ ಪದ ಕೇಳುತ್ತಲೇ ಬೆಳೆದವಳು ನಾನು. ಆದರೆ ಯಾರು ಕಟ್ಟಿದರು ಅಂತ ತಿಳಿಯಲು ದಾರಿಯೇ ಇಲ್ಲದ ಹಾಡಿಗೆ ಆ ಹೆಸರು ಇರಲಿ. ಕಟ್ಟಿದವರು ಮನೆಯಲ್ಲೇ ಕೂತು ಹುರುಳಿ ಆರಿಸುತ್ತಿರುವಾಗ ಅಲ್ಲ.

ನಮ್ಮ ದೊಡ್ಡಮ್ಮ ಸುತ್ತ ಹತ್ತೂರಿನ ಮದುವೆಗಳಲ್ಲಿ ಸೋಬಾನೆ ಹೇಳುತ್ತಿದ್ದರು. ಕ್ಯಾಸೆಟ್ ಕಾಲದಲ್ಲಿ ಒಬ್ಬರು ಬಂದು ಎರಡು ದಿನ ಕೂರಿಸಿ ರೆಕಾರ್ಡ್ ಮಾಡಿಕೊಂಡು ಹೋದರು. ಅದರಲ್ಲಿ ಅರ್ಧದಷ್ಟು ಹಾಡು ದೊಡ್ಡಮ್ಮನೇ ಕಟ್ಟಿದ್ದು. ಕ್ಯಾಸೆಟ್ ಮನೆಗೆ ಬಂದಾಗ ನಾನಿನ್ನೂ ಆರನೇ ಕ್ಲಾಸು. ಅವರಿಗೆ ಓದು ಬರದು. ‘ನನ್ನ ಹೆಸರು ಎಲ್ಲೈತೆ ತೋರ್ಸು’ ಅಂದರು. ಮೇಲೆ ಯಾರದೋ ಹೆಸರು, ಕೆಳಗೆ ‘ಮತ್ತು ಸಂಗಡಿಗರು’ ಅಂತಿತ್ತು. ನಾನು ‘ಸಂಗಡಿಗರು’ ಎಂಬ ಪದದ ಮೇಲೆ ಬೆರಳಿಟ್ಟು, ಇದೇ ನಿನ್ನ ಹೆಸರು ಅಂದೆ. ಅವರು ಆ ಪದವನ್ನು ಸವರಿ ಸವರಿ ನೋಡಿದರು. ಆ ಸುಳ್ಳು ಇವತ್ತಿಗೂ ನನ್ನ ಎದೆಯಲ್ಲಿದೆ.

ಹನ್ನೆರಡನೇ ಶತಮಾನದ ಸೂಳೆ ಸಂಕವ್ವೆಯ ವಚನ ನಮಗೆ ಸಿಕ್ಕಿರುವುದು ಒಂದೇ ಒಂದು. ಅದರ ಕೊನೆಗೆ ‘ನಿರ್ಲಜ್ಜೇಶ್ವರ’ ಅಂತ ಅಂಕಿತ ಇದೆ. ಎಂಟುನೂರು ವರ್ಷ ದಾಟಿದರೂ ಅದು ಅವಳ ಮಾತು ಅಂತ ನಾವು ಹೇಳುತ್ತೇವೆ. ನೀವು ಹಾಡು ಅಪ್‌ಲೋಡ್ ಮಾಡುವಾಗ ಸಾಹಿತ್ಯ ಯಾರದು ಅಂತ ಒಂದು ಖಾಲಿ ಜಾಗ ಬರುತ್ತದಲ್ಲ, ಈ ಕಾಲದ ಅಂಕಿತ ಅದೇ. ಮುಖಚಿತ್ರದ 3000 ಪಿಕ್ಸೆಲ್‌ಗೆ ಎಷ್ಟು ರಾತ್ರಿ ನಿದ್ದೆಗೆಟ್ಟಿರೋ, ಆ ಜಾಗಕ್ಕೆ ಒಂದು ಗಂಟೆ ಕೊಡಿ.

ನಿಮ್ಮ ಗೆಳೆಯನ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಗಿಟಾರು ಚೆನ್ನಾಗಿ ನುಡಿಸುತ್ತಿರಬಹುದು. ಆದರೆ ಯಾರ ತಲೆನೋವು ಕಡಿಮೆಯಾಯಿತು? ಜನಪದ ಅಂತ ಬರೆದ ಕೂಡಲೇ ಆ ಸಾಲಿಗೆ ಒಡೆಯರಿಲ್ಲ ಅಂತಾಯಿತು. ನಾಳೆ ಯಾರೋ ಸಿನಿಮಾಕ್ಕೆ ಎತ್ತಿಕೊಂಡರೆ ನೀವು ಬಾಯಿ ತೆರೆಯುವುದು ಕಷ್ಟ. ಜನಪದದ ಹೆಸರಿನಲ್ಲಿ ಬಂದ ಹಾಡಿನಲ್ಲಿ ಉಳಿಯುವ ಹೆಸರು ಹಾಡಿದವರದು, ಅರೇಂಜ್ ಮಾಡಿದವರದು. ಆತನಿಗೆ ಇದು ಗೊತ್ತಿದ್ದು ಹೇಳಿದನೋ ಗೊತ್ತಿಲ್ಲದೆ ಹೇಳಿದನೋ, ಅವ್ವನ ಹಾಡಿನ ವಿಷಯದಲ್ಲಿ ಅವನ ಮಾತು ಇನ್ನು ಕೇಳಬೇಡಿ.

ಕಾನೂನು ನಿಮ್ಮವ್ವನ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬರೆದವರಿಗೆ ಹಕ್ಕು ತಾನಾಗಿ ಬರುತ್ತದೆ, ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಬದುಕಿರುವವರೆಗೆ, ಆಮೇಲೆ 60 ವರ್ಷ. ಹಕ್ಕನ್ನು ಇನ್ನೊಬ್ಬರಿಗೆ ಬರೆದುಕೊಟ್ಟರೂ, ಇದನ್ನು ಬರೆದದ್ದು ನಾನು ಅನ್ನುವ ಅಧಿಕಾರ ಬರೆದವರ ಹತ್ತಿರವೇ ಇರುತ್ತದೆ. ಅದು 57ನೇ ಸೆಕ್ಷನ್. ಹಾಡು ಹೊರಬಂದ ಮೇಲೆ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಹಕ್ಕಿನ ದುಡ್ಡು ವಸೂಲು ಮಾಡಿ ಹಂಚುವ ಸಂಘವಾದ ಐಪಿಆರ್‌ಎಸ್‌ಗೆ ನೀವೂ ಸೇರಬಹುದು, ನಿಮ್ಮವ್ವನೂ ಸೇರಬಹುದು. ಬರುವ ಪಾಲು ಎರಡು ಲೀಟರ್ ಹಾಲಿನ ಬೆಲೆಯಷ್ಟೇ ಇದ್ದರೂ ಅವರ ಖಾತೆಗೆ ಹೋಗಲಿ.

ಅವ್ವ ಯಾಕೆ ಮಾತಾಡಲ್ಲ ಅಂತ ಕೇಳಿದಿರಿ. ಅವರ ಜಾಗದಲ್ಲಿ ಒಂದು ಗಳಿಗೆ ಕೂತು ನೋಡಿ. ಮಗಳು ಫೋನ್ ಹಿಡಿದು ‘ನನ್ನ ಹಾಡು ಕೇಳವ್ವ’ ಅನ್ನುತ್ತಾಳೆ. ಕೇಳಿದರೆ ತಮ್ಮ ಸಾಲು. ಪಕ್ಕದಲ್ಲಿ ಗಿಟಾರು, ಹಿಂದೆ ಕೊಳಲು, ಎಲ್ಲ ಚೆನ್ನಾಗಿದೆ. ‘ಇದು ನಿನ್ನದಲ್ವಾ ಅವ್ವ’ ಅನ್ನುವ ಒಂದು ಮಾತಿಗೆ ಕಾದಿರಬಹುದು. ಬರಲಿಲ್ಲ. ಇನ್ನೇನು ಹೇಳಿಯಾರು? ನೀವು ಒಳ್ಳೆಯ ಮಗಳು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಈ ಸಲ ನನ್ನ ಮನಸ್ಸು ಅವರ ಕಡೆಗೇ ಇದೆ.

ಹಾಗಾಗಿ ನೀವು ಮಾಡಬೇಕಾದ್ದು ಒಂದೇ ಕೆಲಸ. ಈ ಶನಿವಾರ ಊರಿಗೆ ಹೋಗಿ. ಸಂಜೆ ಹಾಲು ಹಾಕಿ ಬಂದ ಮೇಲೆ ಆ ಪುಸ್ತಕ ತೆಗೆದು ಅವರ ಮುಂದಿಡಿ. ಪಲ್ಲವಿ ನಿನ್ನದು, ನಿನ್ನ ಹೆಸರು ಹಾಕಬೇಕು, ಹೇಗೆ ಬರೆಯಲಿ ಅಂತ ಕೇಳಿ. ಗಂಡನ ಹೆಸರು ಸೇರಿಸಿ ಬೇಕೋ, ತವರಿನ ಹೆಸರು ಬೇಕೋ, ಬರೀ ಅವರ ಹೆಸರು ಸಾಕೋ, ಅವರೇ ಹೇಳಲಿ. ಹಾಡು ಬಿಡುಗಡೆಗೆ 7 ದಿನ ಮೊದಲೇ ಸ್ಪಾಟಿಫೈಗೆ ತಲುಪಿದರೆ ಅವರೇ ಆರಿಸುವ ಹಾಡಿನ ಪಟ್ಟಿಗೆ, ಅಂದರೆ ಪ್ಲೇಲಿಸ್ಟಿಗೆ, ಅರ್ಜಿ ಹಾಕಬಹುದು, ಅದಕ್ಕೆ ಟೈಮ್ ಇದೆ. ಟೈಮ್ ಸಾಲದಿದ್ದರೆ ಬಿಡುಗಡೆಯ ದಿನಾಂಕ ಮುಂದೆ ಹಾಕಿ. ಅವರು ಹಾಡೇ ಬೇಡ ಅಂದರೆ ನಾಲ್ಕು ಹಾಡು ಹೊರಗೆ ತನ್ನಿ, ಎರಡನೆಯದು ಮನೆಯಲ್ಲೇ ಇರಲಿ.

ಹೆಸರು ಬರೆದುಕೊಂಡ ಮೇಲೆ ತಕ್ಷಣ ಎದ್ದು ಬರಬೇಡಿ. ಬೆಣ್ಣೆಗೆ ಯಾಕೆ ಗೀಟು ಎಳೆದೆ, ನೊರೆ ಅಂತ ಹೇಗೆ ಹೊಳೆಯಿತು ಅಂತ ಕೇಳಿ.