ನೀರು ಓಡುವಾಗ ಗಾಳ ಹಾಕಿ

ಪ್ರಶ್ನೆ: ಮೇ ತಿಂಗಳಲ್ಲಿ ಮಕ್ಕಳ ಜೊತೆ ಕುಂದಾಪುರಕ್ಕೆ ಬರುತ್ತೇವೆ. ಪಂಚಗಂಗಾವಳಿ ಹಿನ್ನೀರಿನಲ್ಲಿ ಹಗಲಿಡೀ ಗಾಳ ಹಿಡಿದು ಕೂತರೂ ಕುರುಡೆ ಮೀನು ಕಚ್ಚುವುದಿಲ್ಲ. ಯಾವ ಹೊತ್ತು, ಯಾವ ಜಾಗ ಒಳ್ಳೆಯದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಗಡಿಯಾರ ನೋಡುವ ಮೊದಲು ಪಂಚಾಂಗ ನೋಡಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ಜೋರು, ಅಷ್ಟಮಿ ಹತ್ತಿರ ಬಂದಾಗ ಮಂದ. ಪೇಟೆಯಲ್ಲಿ ಸೀಬಾಸ್ ಎಂದು ಮಾರುವ ನಮ್ಮ ಕುರುಡೆ ತಾನಾಗಿ ಅಲೆದು ಬೇಟೆಯಾಡುವುದು ಕಡಿಮೆ. ಮರೆಯಲ್ಲಿ ನಿಂತು, ನೀರು ಹೊತ್ತು ತರುವ ಚಟ್ಲಿ (ಸೀಗಡಿ), ಮರಿಮೀನುಗಳಿಗೆ ಕಾಯುತ್ತದೆ. ಉಬ್ಬರ ತುಂಬಿ ಇಳಿಯತೊಡಗಿದ ಮೊದಲ ಒಂದೆರಡು ಗಂಟೆ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬುಡದಿಂದ ಈ ಚಟ್ಲಿಯೆಲ್ಲ ಹೊರಗೆ ಬರುತ್ತದೆ. ಸಣ್ಣ ತೋಡು ದೊಡ್ಡ ಹೊಳೆಗೆ ಕೂಡುವ ಮೂಲೆಯಲ್ಲಿ ಜೀವಂತ ಚಟ್ಲಿ ಸಿಕ್ಕಿಸಿ ಗಾಳ ಬಿಡಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇಂದು ಬೆಳಿಗ್ಗೆ 6ಕ್ಕೆ ತುಂಬಿದ್ದರೆ ನಾಳೆ 7ರ ಹತ್ತಿರ. ಇಳಿತದ ಶುರು ಬೆಳಗಿನ ಜಾವಕ್ಕೋ ಮುಸ್ಸಂಜೆಗೋ ಬೀಳುವ ದಿನಗಳನ್ನೇ ಆರಿಸಿಕೊಳ್ಳಿ. ನಡು ಹಗಲಿಗೆ ತೆಳುನೀರು ಕಾದು ಮೀನು ಆಳಕ್ಕೆ ಇಳಿದಿರುತ್ತದೆ.

ಬೇಸಿಗೆಯಲ್ಲಿ ಸೌಪರ್ಣಿಕಾ, ವಾರಾಹಿಗಳಲ್ಲಿ ಸಿಹಿನೀರು ಕಡಿಮೆಯಾಗಿ ಉಪ್ಪುನೀರು ಬಹಳ ಮೇಲಕ್ಕೆ ಏರುತ್ತದೆ. ಹಾಗಾಗಿ ಹೊಳೆ ಕಡಲು ಸೇರುವ ಅಳಿವೆ ಬಾಯಿಗೇ ಹೋಗಬೇಕೆಂದಿಲ್ಲ, ಒಳಗಿನ ಕುದ್ರುಗಳ (ಹೊಳೆ ನಡುವಿನ ದ್ವೀಪಗಳ) ಸುತ್ತಲೂ ಮೀನು ಸಿಗುತ್ತದೆ.

ನನ್ನದೊಂದು ಕೋರಿಕೆ. ಕುರುಡೆ ಮೊದಲು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವ ಮೀನು. ಐದು ಕೆ.ಜಿ. ಮೀರಿದ್ದು ಬಹುಪಾಲು ಹೆಣ್ಣೇ. ಮಳೆಗಾಲದ ಹೊಸ್ತಿಲಲ್ಲಿ ಅಂಥದ್ದು ಸಿಕ್ಕರೆ ದಯವಿಟ್ಟು ಬಿಟ್ಟುಬಿಡಿ. ಅಂಗೈಯಗಲದ ಕೆಂಬೇರಿ ಮೀನನ್ನೂ ಹಾಗೆಯೇ: ಅದು ಹಿನ್ನೀರಿನಲ್ಲಿ ಬೆಳೆದು, ದೊಡ್ಡದಾದ ಮೇಲೆ ಕಡಲಿನ ಬಂಡೆಗಳಿಗೆ ಹೋಗಬೇಕಾದ ಮರಿ. ಒಳಗೆ ಮರಿ ಹಿಡಿದು ಮುಗಿಸಿದರೆ ಹೊರಗೆ ಕೆಂಬೇರಿ ಎಲ್ಲಿಂದ ಬರಬೇಕು?

ಪ್ರಶ್ನೆ: ಪರಿಚಯದವರ ದೋಣಿಯಲ್ಲಿ ಮೇ ಕೊನೆಗೆ ಕಡಲಿಗೆ ಹೋಗಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಏಪ್ರಿಲ್‌ನಲ್ಲಾದರೆ ಖುಷಿಯಿಂದ ಹೋಗಿ ಎನ್ನುತ್ತಿದ್ದೆ. ಮೇ ಕೊನೆಗೆ ಬೇಡ. ಊರಲ್ಲಿ ಗಾಳಿಯೇ ಇಲ್ಲದಿದ್ದರೂ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ ಇಲ್ಲಿಗೆ ತಲುಪುತ್ತದೆ. ಇಳಿತದ ನೀರು ಗಂಗೊಳ್ಳಿ ಅಳಿವೆಯಿಂದ ಹೊರನುಗ್ಗುವಾಗ ಎದುರಿನಿಂದ ಬಂದ ಅಲೆ ಅದಕ್ಕೆ ತಾಗಿ ಎದ್ದು ಮುರಿಯುತ್ತದೆ. ಸಣ್ಣ ದೋಣಿ ಮಗುಚುವುದು ಅಲ್ಲೇ. ಯಾವ ತಿಂಗಳಲ್ಲಿ ಹೊರಟರೂ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಅಲೆಯ ಮುನ್ಸೂಚನೆ ನೋಡಿ, ಲೈಫ್ ಜಾಕೆಟ್ ತೊಟ್ಟು, ನಸುಕಿಗೆ ಹೋಗಿ ಪಡುಗಾಳಿ ಏಳುವ ಮೊದಲೇ ಮರಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಕೊಟ್ಟ ವಿನಾಯಿತಿ ಅದರಿಂದಲೇ ಹೊಟ್ಟೆ ಹೊರೆಯುವವರಿಗಾಗಿ. ಮೋಜಿಗೆ ಅದನ್ನು ಬಳಸಿಕೊಳ್ಳಬೇಡಿ.

ಪ್ರಶ್ನೆ: ಗಾಳಕ್ಕೆ ಸಿಕ್ಕ ಮೀನು ಬಿಟ್ಟರೆ ಬದುಕುತ್ತದೆಯೇ?
– ಓದುಗರೊಬ್ಬರು, ಮಣಿಪಾಲ

ಉತ್ತರ: ಬೇಗ ಬಿಟ್ಟರೆ ಹೆಚ್ಚಿನವು ಬದುಕುತ್ತವೆ. ಕೈ ಒದ್ದೆ ಮಾಡಿಕೊಂಡು ಹೊಟ್ಟೆಯ ಕೆಳಗೆ ಆಸರೆ ಕೊಡಿ, ಬಾಯಿ ಹಿಡಿದು ನೇತಾಡಿಸಬೇಡಿ. ಕುರುಡೆಯ ಕಿವಿರಿನ ಮುಚ್ಚಳದ ಅಂಚು ಬಲು ಹರಿತ, ಬೆರಳು ದೂರವಿರಲಿ. ಗಾಳ ಆಳಕ್ಕೆ ನುಂಗಿದ್ದರೆ ಎಳೆಯದೆ ದಾರವನ್ನೇ ಕತ್ತರಿಸಿ ಬಿಡಿ.