ಅತ್ತೆ ಮಾವನವರ ಮೆಡಿಕೇರ್: ಒಂದು ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯ ಓದುಗರೇ,

ನ್ಯೂಜೆರ್ಸಿಯಿಂದ ನೀವು ಬರೆದ ಪತ್ರ 2025ರ ಮಾರ್ಚ್ ಮೊದಲ ವಾರ ನಮ್ಮ ಕೈಸೇರಿತು. ಪೂರ್ತಿ ಅಚ್ಚು ಮಾಡಲು ಸ್ಥಳವಿಲ್ಲದ್ದರಿಂದ ಅದರ ಸಾರವನ್ನು ಹೇಳಿ ಉತ್ತರಿಸುತ್ತೇನೆ. ಹಾಸನದ ಹೈಸ್ಕೂಲೊಂದರಲ್ಲಿ ಮೇಷ್ಟರಾಗಿದ್ದು ನಿವೃತ್ತರಾದ ನಿಮ್ಮ ಮಾವನವರಿಗೆ ಈಗ 71 ವರ್ಷ, ಅತ್ತೆಯವರಿಗೆ 67. ಇಬ್ಬರೂ ಗ್ರೀನ್ ಕಾರ್ಡ್ ಪಡೆದು 2020ರ ಫೆಬ್ರವರಿಯಲ್ಲಿ, ಕೋವಿಡ್ ಎಲ್ಲೆಡೆ ಹರಡುವುದಕ್ಕೆ ತುಸು ಮೊದಲು, ನಿಮ್ಮ ಮನೆಗೆ ಬಂದರು. ಈವರೆಗೆ ಅವರಿಗೆ ಮಾರ್ಕೆಟ್‌ಪ್ಲೇಸ್ ಪಾಲಿಸಿ, ಅಂದರೆ ಸರ್ಕಾರದ ವಿಮಾ ತಾಣದ ಮೂಲಕ ಕೊಂಡ ಖಾಸಗಿ ಆರೋಗ್ಯ ವಿಮೆ, ಇತ್ತು. ಐದು ವರ್ಷ ತುಂಬಿದ್ದರಿಂದ ಇನ್ನು ಮೆಡಿಕೇರ್, ಅಂದರೆ ಮುಖ್ಯವಾಗಿ 65 ದಾಟಿದವರಿಗೆ ಅಮೆರಿಕ ಸರ್ಕಾರ ಕೊಡುವ ಆರೋಗ್ಯ ವಿಮೆ, ಸಿಗುತ್ತದೆ ಎಂದು ಪರಿಚಿತರೊಬ್ಬರು ಹೇಳಿದ್ದಾರೆ. ಊಟದ ಮೇಜಿನ ಮೇಲೆ ಲಕೋಟೆಗಳ ರಾಶಿ ಬೆಳೆಯುತ್ತಿದೆ. ಮಾವನವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಬಿಡಿಸಿ, "ಇದರಲ್ಲಿ ಸರ್ಕಾರದ ಕಾಗದ ಯಾವುದು, ಅಂಗಡಿಯವರ ಕಾಗದ ಯಾವುದಮ್ಮಾ?" ಎಂದು ಕೇಳುತ್ತಾರೆ; ಕೊನೆಗೆ "ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ" ಎಂದು ಎದ್ದುಹೋಗುತ್ತಾರೆ. ಅವರ ಮಗ 18 ವರ್ಷಗಳಿಂದ ಮೆಡಿಕೇರ್ ತೆರಿಗೆ ಕಟ್ಟಿರುವುದರಿಂದ ಅವರಿಗೆ ಇದು ಉಚಿತವಾಗಿ ಸಿಗುವುದೇ, "ಸೊನ್ನೆ ಪ್ರೀಮಿಯಂ" ಎಂಬ ಜಾಹೀರಾತನ್ನು ನಂಬಬಹುದೇ, ಇದನ್ನೆಲ್ಲ ಅವರಿಗೆ ಹೇಗೆ ತಿಳಿಸಿ ಹೇಳುವುದು ಎಂಬುವು ನಿಮ್ಮ ಮೂರು ಪ್ರಶ್ನೆಗಳು.

ಮಾವನವರು ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರವೂ ಸುಲಭ. ಸೋಷಿಯಲ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಮತ್ತು ಸೆಂಟರ್ಸ್ ಫಾರ್ ಮೆಡಿಕೇರ್ ಆಂಡ್ ಮೆಡಿಕೇಡ್ ಸರ್ವೀಸಸ್ ಎಂಬ ಎರಡು ಸರ್ಕಾರಿ ಸಂಸ್ಥೆಗಳ ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಅವರ ಕೈಗೆ ಕೊಡಿ. ಈ ಹೆಸರಿನಲ್ಲಿ ಬಂದ ಪತ್ರಗಳನ್ನು ಒಂದು ಕಡೆ ಇಡಲಿ, ಮಿಕ್ಕವು ಬಹುಪಾಲು ವ್ಯಾಪಾರದವು. ರಾಶಿಯನ್ನು ವಿಂಗಡಿಸುವ ಈ ಕೆಲಸವನ್ನು ಅವರೇ ಮಾಡಲಿ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಮೂವತ್ತು ಮಕ್ಕಳ ಉತ್ತರಪತ್ರಿಕೆಗಳನ್ನು ಒಂದೇ ಸಲ ಕೂತು ತಿದ್ದಿದವರು ಅವರು. ಲಕೋಟೆಗಳ ಮುಂದೆ ಸೋತು ಏಳುತ್ತಿರುವುದು ತಿಳಿವಳಿಕೆ ಸಾಲದೆ ಅಲ್ಲ, ಯಾರೂ ಕನ್ನಡದಲ್ಲಿ ಮೊದಲಿನಿಂದ ಹೇಳದಿರುವುದರಿಂದ.

ಈಗ ಉಚಿತದ ಮಾತು. ಆಸ್ಪತ್ರೆಯ ಒಳರೋಗಿ ಖರ್ಚನ್ನು ನೋಡಿಕೊಳ್ಳುವ ಪಾರ್ಟ್ ಎ ಪ್ರೀಮಿಯಂ ಇಲ್ಲದೆ ಸಿಗಬೇಕಾದರೆ ಆ ವ್ಯಕ್ತಿ ಅಥವಾ ಅವರ ಗಂಡ ಇಲ್ಲವೆ ಹೆಂಡತಿ ಅಮೆರಿಕದಲ್ಲಿ ತೆರಿಗೆ ಕಟ್ಟಿ 40 ಕ್ವಾರ್ಟರ್, ಅಂದರೆ ಸುಮಾರು ಹತ್ತು ವರ್ಷ, ದುಡಿದಿರಬೇಕು. ಮಗನ ದುಡಿಮೆ ಅಪ್ಪ ಅಮ್ಮನ ಲೆಕ್ಕಕ್ಕೆ ಬರುವುದಿಲ್ಲ. ಭಾರತಕ್ಕೂ ಅಮೆರಿಕಕ್ಕೂ ನಡುವೆ ಸೋಷಿಯಲ್ ಸೆಕ್ಯುರಿಟಿ ಒಪ್ಪಂದ ಇಲ್ಲದಿರುವುದರಿಂದ ಮಾವನವರು ಹಾಸನದಲ್ಲಿ ಸಲ್ಲಿಸಿದ ಸೇವೆಯೂ ಇಲ್ಲಿ ಎಣಿಕೆಗೆ ಸಿಗದು. ಆದರೆ 65 ದಾಟಿದ ಗ್ರೀನ್ ಕಾರ್ಡ್‌ದಾರರು ಅರ್ಜಿಗೆ ಮುಂಚಿನ ಐದು ವರ್ಷ ಸತತವಾಗಿ ಇಲ್ಲಿ ವಾಸವಿದ್ದರೆ ಹಣ ಕಟ್ಟಿ ಸೇರಬಹುದು. 2025ರಲ್ಲಿ ಹೀಗೆ ಕೊಳ್ಳುವ ಪಾರ್ಟ್ ಎ ತಿಂಗಳಿಗೆ 518 ಡಾಲರ್. ವೈದ್ಯರ ಭೇಟಿ, ಪರೀಕ್ಷೆ, ಹೊರರೋಗಿ ಚಿಕಿತ್ಸೆಗಳ ಪಾರ್ಟ್ ಬಿ ಅದೇ ವರ್ಷ 185 ಡಾಲರ್. ಆ ವರ್ಷದ ಲೆಕ್ಕದಲ್ಲಿ ಒಬ್ಬರಿಗೆ 703, ಇಬ್ಬರಿಗೆ 1,406 ಡಾಲರ್, ಅದೂ ಪ್ರತಿ ತಿಂಗಳು. ಈ ಮೊತ್ತ ಕೇಳಿದರೆ ಎದೆ ಧಸಕ್ಕೆನ್ನುತ್ತದೆ ಎಂಬುದು ನನಗೆ ಗೊತ್ತು. ಆದರೂ ಮಾವನವರಿಂದ ಇದನ್ನು ಮುಚ್ಚಿಡಬೇಡಿ. ಲೆಕ್ಕ ಗೊತ್ತಿಲ್ಲದವರು ಆಯ್ಕೆ ಮಾಡಲಾರರು.

ಇಲ್ಲಿ ನಿಮ್ಮ ಪರಿಚಿತರು ಹೇಳದೆ ಬಿಟ್ಟ ವಿಷಯವೊಂದಿದೆ. ಪಾರ್ಟ್ ಎ ಅನ್ನು ಹಣ ಕೊಟ್ಟು ಕೊಳ್ಳಬೇಕಾದ ಹಿರಿಯರು ಮೆಡಿಕೇರ್ ಸೇರಲೇಬೇಕೆಂಬ ಕಡ್ಡಾಯವಿಲ್ಲ. ಈಗಿರುವ ಮಾರ್ಕೆಟ್‌ಪ್ಲೇಸ್ ಪಾಲಿಸಿಯಲ್ಲೇ ಅವರು ಮುಂದುವರಿಯಬಹುದು, ಅರ್ಹತೆಯಿದ್ದರೆ ಸಹಾಯಧನವೂ ಮುಂದುವರಿಯುತ್ತದೆ. ಹಾಗೆ ಮಾಡಿ ಕೆಲವು ವರ್ಷಗಳ ನಂತರ ಮೆಡಿಕೇರ್‌ಗೆ ಬಂದರೆ ದಂಡ ತೆರಬೇಕು. ಪಾರ್ಟ್ ಬಿಗೆ ತಡವಾದ ಪ್ರತಿ ಪೂರ್ಣ ವರ್ಷಕ್ಕೆ ಪ್ರೀಮಿಯಂ ಮೇಲೆ ಶೇಕಡ 10ರಷ್ಟು ಹೆಚ್ಚುವರಿ ಬೀಳುತ್ತದೆ, ಸಾಮಾನ್ಯವಾಗಿ ಪಾರ್ಟ್ ಬಿ ಇರುವವರೆಗೂ ಅದು ಬಿಡುವುದಿಲ್ಲ. ಪಾರ್ಟ್ ಬಿ ಒಂದನ್ನೇ ಕೊಳ್ಳಲೂ ಅವಕಾಶವಿದೆ, ಆದರೆ ಆಸ್ಪತ್ರೆ ಸೇರಿದಾಗಿನ ದೊಡ್ಡ ಖರ್ಚು ಹೊರಗೇ ಉಳಿಯುತ್ತದೆ. ಮುಂದೆ ವಿವರಿಸಿರುವ ಮೆಡಿಗ್ಯಾಪ್, ಅಡ್ವಾಂಟೇಜ್ ಎಂಬ ಖಾಸಗಿ ಕಂಪನಿಗಳ ಪಾಲಿಸಿಗಳಾಗಲಿ ಎ ಮತ್ತು ಬಿ ಎರಡೂ ಇಲ್ಲದವರಿಗೆ ಸಿಗುವುದಿಲ್ಲ. ಸ್ವಂತ ಆದಾಯ ತೀರಾ ಕಡಿಮೆಯಿರುವ ಹಿರಿಯರ ಪ್ರೀಮಿಯಂ ಅನ್ನು ರಾಜ್ಯವೇ ಕಟ್ಟುವ ಯೋಜನೆಗಳಿವೆ. ಆದರೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು ಸ್ಪಾನ್ಸರ್ ಪತ್ರಕ್ಕೆ ಸಹಿ ಹಾಕಿದ ಮಗನ ಆದಾಯವನ್ನೂ ಲೆಕ್ಕಕ್ಕೆ ಹಿಡಿಯುವ ಸಂದರ್ಭಗಳಿರುವುದರಿಂದ ಆ ಅರ್ಜಿಯನ್ನು ತಿಳಿದವರನ್ನು ಕೇಳದೆ ಹಾಕಬೇಡಿ.

ಸೇರುವುದೇ ಸರಿ ಎಂದಾದರೆ ಮುಂದಿನ ಆಯ್ಕೆ ಎರಡು ದಾರಿಗಳ ನಡುವೆ. ಒಂದು, ಸರ್ಕಾರ ನೇರವಾಗಿ ನಡೆಸುವ ಮೂಲ ಮೆಡಿಕೇರ್ ಇಟ್ಟುಕೊಂಡು, ಅದರ ಕೊರತೆ ತುಂಬಲು ಖಾಸಗಿ ಕಂಪನಿಯಿಂದ ಮೆಡಿಗ್ಯಾಪ್ ಪಾಲಿಸಿಯನ್ನೂ ಔಷಧಿಗಾಗಿ ಪಾರ್ಟ್ ಡಿಯನ್ನೂ ಕೊಳ್ಳುವುದು. ಇನ್ನೊಂದು, ಪಾರ್ಟ್ ಸಿ ಎನ್ನುವ ಅಡ್ವಾಂಟೇಜ್ ಪ್ಲಾನ್. ಖಾಸಗಿ ಕಂಪನಿಯೇ ಎಲ್ಲವನ್ನೂ ಒಟ್ಟಿಗೆ ಕೊಡುತ್ತದೆ, ಆದರೆ ಹೆಚ್ಚಿನ ಪ್ಲಾನುಗಳಲ್ಲಿ ಅದರ ಪಟ್ಟಿಯಲ್ಲಿರುವ ವೈದ್ಯರ ಬಳಿಗೇ ಹೋಗಬೇಕು, ಹಲವು ಚಿಕಿತ್ಸೆಗಳಿಗೆ ಮುಂಚಿತವಾಗಿ ಅದರ ಒಪ್ಪಿಗೆ ಬೇಕು. "ಸೊನ್ನೆ ಪ್ರೀಮಿಯಂ" ಎಂಬುದು ಸುಳ್ಳಲ್ಲ, ಅರ್ಧ ಮಾತು. ಆ ಕಂಪನಿಗೆ ಕಟ್ಟಬೇಕಾದ್ದು ಸೊನ್ನೆ ಇರಬಹುದು. ಪಾರ್ಟ್ ಬಿಯ ಪ್ರೀಮಿಯಂ, ನಿಮ್ಮ ಮನೆಯ ವಿಷಯದಲ್ಲಿ ಪಾರ್ಟ್ ಎ ಹಣವೂ, ಕಟ್ಟುತ್ತಲೇ ಇರಬೇಕು.

ಮಾವನವರಿಗೆ ವಿವರಿಸುವಾಗ ಅವರು ಬಲ್ಲ ಪಾಲಿಸಿಯಿಂದ ಶುರುಮಾಡಿ. ಊರಿನಲ್ಲಿ ಐದು ಲಕ್ಷದ ಆರೋಗ್ಯ ವಿಮೆ ಎಂದರೆ ಕಂಪನಿ ಕೊಡುವುದಕ್ಕೆ ಅಲ್ಲಿಗೆ ಮಿತಿ ಎಂದು ಎಲ್ಲರಿಗೂ ತಿಳಿದಿದೆ. ಮೂಲ ಮೆಡಿಕೇರ್‌ನಲ್ಲಿ ಅವರು ಕೇಳಬೇಕಾದ ಪ್ರಶ್ನೆ ಇದರ ತಿರುವುಮುರುವು: ನಾವು ಕೊಡುವುದಕ್ಕೆ ಮಿತಿ ಎಲ್ಲಿ? ಪಾರ್ಟ್ ಬಿಯಲ್ಲಿ ವರ್ಷದ ಮೊದಲ ಮೊತ್ತವನ್ನು (2025ರಲ್ಲಿ 257 ಡಾಲರ್) ನಾವು ಕೊಟ್ಟ ಮೇಲೆ, ಒಪ್ಪಿತ ಖರ್ಚಿನ ಶೇಕಡ 80ನ್ನು ಅದು ಕೊಡುತ್ತದೆ. ಉಳಿದ ಶೇಕಡ 20ಕ್ಕೆ ಮೇಲಿನ ಮಿತಿಯೇ ಇಲ್ಲ. ಪಾರ್ಟ್ ಎಯಲ್ಲಿ ಆಸ್ಪತ್ರೆ ಸೇರಿದಾಗ ಮೊದಲು ಕಟ್ಟಬೇಕಾದ ಮೊತ್ತ (2025ರಲ್ಲಿ 1,676 ಡಾಲರ್) ವರ್ಷಕ್ಕೊಮ್ಮೆಯದಲ್ಲ. ಬಿಡುಗಡೆಯಾಗಿ 60 ದಿನ ಕಳೆದ ನಂತರ ಮತ್ತೆ ದಾಖಲಾದರೆ ಮತ್ತೆ ಕಟ್ಟಬೇಕು. ಈ ತೂತುಗಳನ್ನು ಮುಚ್ಚುವುದೇ ಮೆಡಿಗ್ಯಾಪ್. ಅಡ್ವಾಂಟೇಜ್‌ನಲ್ಲಿ ನಮ್ಮ ಜೇಬಿನಿಂದ ಹೋಗುವುದಕ್ಕೆ ಮಿತಿಯುಂಟು, ಪಟ್ಟಿಯಲ್ಲಿರುವ ವೈದ್ಯರಲ್ಲಿ 2025ಕ್ಕೆ ಗರಿಷ್ಠ 9,350 ಡಾಲರ್. ಔಷಧಿಗೂ 2025ರಲ್ಲಿ ವರ್ಷಕ್ಕೆ 2,000 ಡಾಲರ್ ಮಿತಿ ಬಂದದ್ದು ಹಿರಿಯರಿಗೆ ದೊಡ್ಡ ನೆಮ್ಮದಿ.

ಈ ಅಂಕಿಗಳಿಗಿಂತ ಮೊದಲು ಒಂದು ಪ್ರಶ್ನೆಯನ್ನು ನೀವು ಮಾವನವರಿಗೆ ಕೇಳಲೇಬೇಕು: ವರ್ಷದಲ್ಲಿ ಎಷ್ಟು ತಿಂಗಳು ಹಾಸನದಲ್ಲಿ ಇರಬೇಕೆಂದು ಅವರ ಮನಸ್ಸು? ನನ್ನ ತಾಯಿಯನ್ನು ನಾವು ಈ ಪ್ರಶ್ನೆ ಕೇಳಲಿಲ್ಲ. ನಾನೂ ನನ್ನ ತಮ್ಮನೂ ಒಂದು ಭಾನುವಾರ ಕೂತು ಅಡ್ವಾಂಟೇಜ್ ಪ್ಲಾನ್ ಒಂದನ್ನು ಆರಿಸಿ, ಸಹಿ ಹಾಕುವ ಜಾಗವನ್ನು ಅಮ್ಮನಿಗೆ ತೋರಿಸಿದೆವು. ಆ ಅಕ್ಟೋಬರ್‌ನಲ್ಲಿ ಅವಳು ಕಾಯಿಲೆಯಲ್ಲಿದ್ದ ತಂಗಿಯನ್ನು ನೋಡಿಕೊಳ್ಳಲು ಶಿವಮೊಗ್ಗಕ್ಕೆ ಹೋದಳು, ಮರಳಿದ್ದು ಮೇ ತಿಂಗಳಲ್ಲಿ. ಬಂದ ವಾರವೇ ಔಷಧಿ ಅಂಗಡಿಯ ಹುಡುಗಿ ಅಮ್ಮನ ಕಾರ್ಡನ್ನು ಎರಡು ಸಲ ಪರೀಕ್ಷಿಸಿ, ಇದು ಈಗ ಚಾಲ್ತಿಯಲ್ಲಿಲ್ಲ ಎಂದು ಮೆಲ್ಲಗೆ ಹೇಳಿ ಹಿಂದಕ್ಕೆ ಸರಿಸಿದಳು. ಪ್ಲಾನ್‌ನ ಪ್ರದೇಶದಿಂದ ಸತತವಾಗಿ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದವರನ್ನು ಸಾಮಾನ್ಯವಾಗಿ ಅಡ್ವಾಂಟೇಜ್ ಪ್ಲಾನ್‌ನಿಂದ ಕೈಬಿಡುತ್ತಾರೆ. ಆ ಪತ್ರ ನಮ್ಮ ಮನೆಯ ಲಕೋಟೆಗಳ ರಾಶಿಯಲ್ಲೇ ಒಡೆಯದೆ ಬಿದ್ದಿತ್ತು. ಅಮ್ಮ ಮೂಲ ಮೆಡಿಕೇರ್‌ಗೆ ಮರಳಿದ್ದಳು, ಔಷಧಿಯ ವಿಮೆ ಮಾತ್ರ ಇರಲಿಲ್ಲ. ಅಂಗಡಿಯಿಂದ ಕಾರಿಗೆ ಬರುವಾಗ ಅವಳು ಹೇಳಿದ್ದು ಇಷ್ಟೇ: "ಆರು ತಿಂಗಳು ಅಂತ ಹೇಳಿದ್ದರೆ ಏಪ್ರಿಲ್‌ಗೇ ಬರ್ತಿದ್ದೆ ಕಣೋ." ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ, ನಿಮ್ಮ ಪತ್ರಕ್ಕೆ ಇಷ್ಟು ಉದ್ದ ಉತ್ತರ ಬರೆಯುತ್ತಿರುವುದಕ್ಕೂ ಅದೇ ಕಾರಣ.

ಮೂಲ ಮೆಡಿಕೇರ್ ಕೂಡ ಭಾರತದ ಆಸ್ಪತ್ರೆಗೆ ಹಣ ಕೊಡುವುದಿಲ್ಲ. ಆದರೆ ಮೆಡಿಗ್ಯಾಪ್‌ನ ಜಿ, ಎನ್ ಮುಂತಾದ ಕೆಲವು ಬಗೆಗಳಲ್ಲಿ ವಿದೇಶದ ತುರ್ತು ಚಿಕಿತ್ಸೆಗೆ ನೆರವಿದೆ: ಪ್ರವಾಸದ ಮೊದಲ 60 ದಿನಗಳೊಳಗೆ ಶುರುವಾದ ತುರ್ತು ಚಿಕಿತ್ಸೆಯಾಗಿದ್ದರೆ, 250 ಡಾಲರ್ ನಾವು ಕೊಟ್ಟ ನಂತರ ಶೇಕಡ 80, ಜೀವಮಾನದಲ್ಲಿ ಒಟ್ಟು 50,000 ಡಾಲರ್‌ವರೆಗೆ. ಚಳಿಗಾಲವಿಡೀ ಊರಲ್ಲಿ ಕಳೆಯುವವರಿಗೆ ಇಷ್ಟು ಸಾಲದು, ಅಲ್ಲಿಯದೇ ಒಂದು ಪಾಲಿಸಿ ಇರಬೇಕು.

ಇನ್ನು ನನ್ನ ಅಭಿಪ್ರಾಯ. ನಾನು ವಿಮಾ ಸಲಹೆಗಾರನಲ್ಲ, ಆದರೂ ಸ್ಪಷ್ಟವಾಗಿ ಹೇಳುತ್ತೇನೆ. ಮನೆಯ ಆದಾಯ ತಡೆದುಕೊಳ್ಳುವುದಾದರೆ, ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇರುವ ಮಾವನವರಿಗೆ ಮೂಲ ಮೆಡಿಕೇರ್ ಜೊತೆಗೆ ಮೆಡಿಗ್ಯಾಪ್ ಲೇಸು. ಪಾರ್ಟ್ ಬಿ ಜಾರಿಗೆ ಬಂದ ದಿನದಿಂದ ಆರು ತಿಂಗಳು ಮಾತ್ರ ಯಾವ ಕಂಪನಿಯೂ ಕಾಯಿಲೆಯ ಕಾರಣ ಕೊಟ್ಟು ಮೆಡಿಗ್ಯಾಪ್ ನಿರಾಕರಿಸುವಂತಿಲ್ಲ. ಅದಾದ ಮೇಲೆ ನ್ಯೂಯಾರ್ಕ್, ಕನೆಕ್ಟಿಕಟ್‌ನಂಥ ಕೆಲವೇ ರಾಜ್ಯಗಳನ್ನು ಬಿಟ್ಟು ಉಳಿದೆಡೆ, ನಿಮ್ಮ ನ್ಯೂಜೆರ್ಸಿಯಲ್ಲೂ, ಆರೋಗ್ಯ ವಿಚಾರಿಸಿ ಇಲ್ಲವೆನ್ನಬಹುದು. ಅಡ್ವಾಂಟೇಜ್ ಪ್ಲಾನನ್ನಾದರೋ ಪ್ರತಿ ವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರ ನಡುವೆ ಬದಲಿಸಬಹುದು. ಮೊದಲು ಮೆಡಿಗ್ಯಾಪ್ ಹಿಡಿದವರು ಮುಂದೆ ಅಡ್ವಾಂಟೇಜ್‌ಗೆ ಸುಲಭವಾಗಿ ಹೋಗಬಲ್ಲರು. ಅಲ್ಲಿಂದ ಹಿಂದಕ್ಕೆ ಬರುವುದು ಕಷ್ಟ. ಅತ್ತೆಯವರ ವಿಷಯ ಬೇರೆಯಾಗಿಯೇ ತೀರ್ಮಾನವಾಗಲಿ. ಮೆಡಿಕೇರ್‌ನಲ್ಲಿ ದಂಪತಿಗಳಿಗೆಂದು ಜಂಟಿ ಪಾಲಿಸಿ ಇರುವುದಿಲ್ಲ, ಇಬ್ಬರೂ ಒಂದೇ ದಾರಿ ಹಿಡಿಯಬೇಕೆಂದೂ ಇಲ್ಲ.

ಔಷಧಿಯ ಪ್ಲಾನ್ ಹುಡುಕಲು ಮೆಡಿಕೇರ್‌ನ ಅಧಿಕೃತ ತಾಣದಲ್ಲಿ ಔಷಧಿಗಳ ಹೆಸರು ಕೊಡಬೇಕಾಗುತ್ತದೆ. ಮಾವನವರು ಹಾಸನದಿಂದ ತರಿಸಿಕೊಂಡ ಮಾತ್ರೆಗಳ ಹಾಳೆಯ ಮೇಲೆ ದೊಡ್ಡದಾಗಿ ಟೆಲ್ಮಾ, ಗ್ಲೈಕೋಮೆಟ್ ಎಂದಿರುತ್ತದೆ, ಆ ಹೆಸರುಗಳು ಅಲ್ಲಿ ಸಿಗವು. ಹಾಳೆಯನ್ನು ಬೆಳಕಿಗೆ ಹಿಡಿದು ಸಣ್ಣ ಅಕ್ಷರದಲ್ಲಿರುವ ಟೆಲ್ಮಿಸಾರ್ಟಾನ್, ಮೆಟ್‌ಫಾರ್ಮಿನ್ ಎಂಬ ಮೂಲ ಹೆಸರುಗಳನ್ನೂ ಮಿಲಿಗ್ರಾಂ ಸಂಖ್ಯೆಯನ್ನೂ ಅವರ ಕೈಯಿಂದಲೇ ಒಂದು ಪುಸ್ತಕದಲ್ಲಿ ಬರೆಸಿ. ಅದೇ ಪುಸ್ತಕದಲ್ಲಿ ಈಗ ನೋಡುತ್ತಿರುವ ವೈದ್ಯರ ಹೆಸರುಗಳೂ ಪಾಸ್‌ಪೋರ್ಟ್ ನೋಡಿ ಗುರುತಿಸಿದ ಹೋಗಿಬಂದ ದಿನಾಂಕಗಳೂ ಇರಲಿ. ಐದು ವರ್ಷದ ವಾಸವನ್ನು ಪರಿಶೀಲಿಸುವಾಗ ಕಚೇರಿಯಲ್ಲಿ ಅವು ಬೇಕಾಗುತ್ತವೆ.

ಈ ಪುಸ್ತಕ ಹಿಡಿದು ಏಜೆಂಟರ ಬಳಿಗೆ ಹೋಗುವ ಮೊದಲು ನಿಮ್ಮ ಕೌಂಟಿಯ (ಜಿಲ್ಲೆಯ) ಶಿಪ್, ಅಂದರೆ ರಾಜ್ಯದ ಆರೋಗ್ಯ ವಿಮಾ ನೆರವು ಯೋಜನೆಯ, ಸಲಹೆಗಾರರನ್ನು ಕಾಣಿ. ಸರ್ಕಾರದ ನೆರವಿನಲ್ಲಿ ಪ್ರತಿ ರಾಜ್ಯದಲ್ಲೂ ನಡೆಯುವ ಈ ಸೇವೆ ಉಚಿತ, ಅವರು ಯಾವ ಪಾಲಿಸಿಯನ್ನೂ ಮಾರುವುದಿಲ್ಲ. ಅಲ್ಲಿ ಮಾವನವರೇ ಮಾತನಾಡಲಿ, ನೀವು ಪಕ್ಕದಲ್ಲಿ ಕೂತು ಕನ್ನಡಕ್ಕೆ ತಿರುಗಿಸಿ. ಮನೆಗೆ ಫೋನ್ ಮಾಡಿ "ನಾವು ಮೆಡಿಕೇರ್‌ನವರು, ನಿಮ್ಮ ಕಾರ್ಡ್ ನಂಬರ್ ಹೇಳಿ" ಎನ್ನುವವರಿಗೆ ಏನನ್ನೂ ಹೇಳದೆ ಫೋನ್ ಇಡಬೇಕೆಂದು ಅತ್ತೆಯವರಿಗೂ ತಿಳಿಸಿರಿ.

ಕೊನೆಯದಾಗಿ ದಿನಾಂಕದ ಮಾತು. ಮೊದಲ ಬಾರಿ ಸೇರುವವರಿಗೆ ಇರುವ ಅವಧಿ ಏಳು ತಿಂಗಳು: ಅರ್ಹತೆಯ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು. ಫೆಬ್ರವರಿಗೆ ಐದು ವರ್ಷ ತುಂಬಿರುವ ನಿಮ್ಮವರಿಗೆ ಇದು 2025ರ ಮೇ ಕೊನೆಗೆ ಮುಗಿಯುತ್ತದೆ. ಮೇ 31 ಶನಿವಾರವಾದ್ದರಿಂದ ಸೋಷಿಯಲ್ ಸೆಕ್ಯುರಿಟಿ ಕಚೇರಿ ಅಂದು ತೆರೆದಿರುವುದಿಲ್ಲ. ಈ ವಾರವೇ 1-800-772-1213ಕ್ಕೆ ಕರೆ ಮಾಡಿ, ಇಬ್ಬರಿಗೂ ಏಪ್ರಿಲ್‌ನೊಳಗೆ ಅಪಾಯಿಂಟ್‌ಮೆಂಟ್ ಕೇಳಿ. ದುಭಾಷಿ ಬೇಕಿದ್ದರೆ ಕನ್ನಡ ಎಂದು ಆಗಲೇ ಹೇಳಿ, ಆ ನೆರವಿಗೆ ಹಣ ಕೊಡಬೇಕಾಗಿಲ್ಲ.

ಇಂತಿ ನಿಮ್ಮ,
ಸಂಪಾದಕ